ಟವಲಿನಡಿಯ ಬೆಲೆ, ಗಡಿಯಾರದ ಬೆಲೆ

ಚಿಕ್ಕಜಾಜೂರು

ಹೊರದೇಶಕ್ಕೆ ಹೋಗಿ ಬಂದವರೆಲ್ಲ ಕಥೆಯನ್ನು ವಿಮಾನದಿಂದ ಶುರು ಮಾಡುತ್ತಾರೆ. ನಾನು ಚಿಕ್ಕಜಾಜೂರು ರೈಲ್ವೆ ಸ್ಟೇಷನ್ನಿನಿಂದ ಶುರು ಮಾಡುತ್ತೇನೆ. ನನ್ನ ಜಗಳ ಶುರುವಾದದ್ದು ಅಲ್ಲಿಂದ.

ನಮ್ಮ ಊರು ಹೊಳಲ್ಕೆರೆ ತಾಲ್ಲೂಕಿನ ತಾಳ್ಯ. ಅಪ್ಪ ಕುರಿ ದಲ್ಲಾಳಿ. ಹಿರಿಯೂರು, ಹೊಸದುರ್ಗ, ಚಿತ್ರದುರ್ಗ, ಎಲ್ಲಿ ಕುರಿ ಸಂತೆ ಕೂಡಿದರೂ ಅಪ್ಪ ಅಲ್ಲಿರಬೇಕು. ಅವನ ಕಸುಬೆಲ್ಲ ನಡೆಯುವುದು ಒಂದು ಟವಲಿನ ಕೆಳಗೆ. ಕೊಳ್ಳುವವನ ಕೈ ಹಿಡಿದು ಮೇಲೆ ಟವಲು ಹೊದಿಸುತ್ತಾನೆ. ಒಳಗೆ ಎಷ್ಟು ಬೆರಳು ಹಿಡಿದು ಒತ್ತಿದರೆ ಅಷ್ಟು ಬೆಲೆ; ಅದು ನೂರೋ ಸಾವಿರವೋ ಇಬ್ಬರಿಗೂ ಗೊತ್ತಿರುತ್ತದೆ. ಸುತ್ತ ಹತ್ತು ಜನ ಮುತ್ತಿಕೊಂಡಿದ್ದರೂ ಒಬ್ಬರಿಗೂ ತಿಳಿಯುವುದಿಲ್ಲ. ಒಬ್ಬ ಹೇಳಿದ ಬೆಲೆಯನ್ನು ಇನ್ನೊಬ್ಬನ ಮುಂದೆ ಬಾಯಿಬಿಟ್ಟ ದಲ್ಲಾಳಿಯ ಕೈಯನ್ನು ಮಾರನೆಯ ವಾರ ಯಾರೂ ಹಿಡಿಯುವುದಿಲ್ಲ. ನಮ್ಮ ಅವ್ವನಿಗೂ ಅಪ್ಪ ಇವತ್ತಿನವರೆಗೆ ಒಂದು ಕುರಿಯ ಬೆಲೆ ಹೇಳಿದ್ದಿಲ್ಲ.

ಗಂಡಸರ ಈ ವಿದ್ಯೆ ನನಗೆ ಬಂದದ್ದು ಆಟದಿಂದ. ಚಿಕ್ಕವಳಿದ್ದಾಗ ನನಗೆ ಎಷ್ಟು ಬತ್ತಾಸು ಬೇಕು, ಎಷ್ಟು ದಿನ ಅಜ್ಜಿ ಮನೆಯಲ್ಲಿ ಇರಬೇಕು ಅನ್ನುವುದನ್ನೂ ಅಪ್ಪನ ಟವಲಿನೊಳಗೆ ಕೈ ಹಾಕಿ ಚೌಕಾಸಿ ಮಾಡಿಯೇ ಪಡೆಯಬೇಕಿತ್ತು. ಸಂತೆಗೆ ಮಾತ್ರ ಕರೆದುಕೊಂಡು ಹೋದರೂ ದೂರ ಕೂರಿಸುತ್ತಿದ್ದ.

ಚಿತ್ರದುರ್ಗದಲ್ಲಿ ಬಿ.ಕಾಂ. ಮುಗಿಸಿ, ಹಿರಿಯೂರಿನಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ, ನೆದರ್ಲೆಂಡ್ಸ್‌ನಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಓದಲು ನನಗೆ ಸ್ಕಾಲರ್‌ಶಿಪ್ ಸಹಿತ ಸೀಟು ಸಿಕ್ಕಿತು. ಬೆಂಗಳೂರಿನ ರೈಲು ಹತ್ತಿಸಲು ಅಪ್ಪ, ಚಿಕ್ಕಪ್ಪ ಇಬ್ಬರೂ ಬಂದಿದ್ದರು. ಚಿಕ್ಕಪ್ಪ ರುದ್ರಪ್ಪನಿಗೆ ಈ ಪ್ರಯಾಣವೇ ಒಂದು ತಮಾಷೆ.

"ಯಾಪಾರ ಕಲಿಯಾಕೆ ಅಷ್ಟು ದೂರ ಹೋಗ್ಬೇಕೇನವ್ವ ಗಿರಿಜಾ? ನಿಮ್ಮಪ್ಪನ ಮಗ್ಗುಲಾಗೆ ಕುಂತಿದ್ರೆ ಸಾಕಾಗ್ತಿತ್ತು."

"ಸಂತ್ಯಾಗೆ ಹೆಣ್ಮಗಳು ಅಪ್ಪನ ಮಗ್ಗುಲಾಗೆ ಕುಂತಿದ್ರೆ ಮೊದ್ಲು ಬೈತಿದ್ದೋನೇ ನೀನು, ಚಿಕ್ಕಪ್ಪ."

"ಮಾತಿಗೇನು ಕಮ್ಮಿ ಇಲ್ಲ ನಿಂಗೆ. ಹೋಗ್ತಿದೀಯ, ಹೋಗು. ಅಲ್ಲೇ ಕೆಲ್ಸ ಹಿಡ್ಕಂಡೇ ಬರ್ಬೇಕು ಮತ್ತೆ. ಬರಿಗೈಲಿ ಬಂದ್ರೆ ಊರಾಗೆ ನಾವು ತಲೆ ಎತ್ತಂಗಿಲ್ಲ."

"ಹಿಡ್ಕಂಡೇ ಬರ್ತೀನಿ. ನೋಡ್ತಿರು."

ರೈಲು ಅಲುಗಿದಾಗ ಅಪ್ಪ ಹೆಗಲ ಮೇಲಿನ ಟವಲು ತೆಗೆದು ಕಿಟಕಿಯಿಂದ ನನ್ನ ಮಡಿಲಿಗೆ ಹಾಕಿದ. "ಇಟ್ಕ. ಅಲ್ಲಿ ಚಳಿ ಐತಂತೆ," ಅಂದ. ಆ ತೆಳ್ಳನೆಯ ಟವಲು ಯಾವ ಚಳಿಯನ್ನೂ ತಡೆಯುವಂಥದಲ್ಲ.

ಉತ್ರೆಕ್ಟ್

ನನ್ನ ಕಾಲೇಜಿದ್ದ ಆ ಊರಿನಲ್ಲಿ ನನ್ನ ಹೆಸರು ಮೊದಲ ದಿನವೇ ಕೆಟ್ಟಿತು. ಅವರು ಗಕಾರವನ್ನು ಗಂಟಲು ಕೆರೆದು ಹೇಳುತ್ತಾರೆ, ಜಕಾರವನ್ನು ಯ ಮಾಡುತ್ತಾರೆ. ಹಾಜರಿ ಕರೆದ ಮೇಷ್ಟ್ರ ಬಾಯಲ್ಲಿ ಗಿರಿಜಾ ಹೋಗಿ ಖಿರಿಯಾ ಆದಳು. ತಿದ್ದಿದೆ. ಮತ್ತೆ ಖಿರಿಯಾ ಅಂದರು. ಮತ್ತೆ ತಿದ್ದಿದೆ. ಆಮೇಲೆ ಪ್ರತಿ ತರಗತಿಯಲ್ಲೂ ತಿದ್ದಿದೆ, ವರ್ಷ ಮುಗಿಯುವವರೆಗೂ.

ಕಾಲೇಜಿನಲ್ಲಿ ಕೆಲಸ ಹುಡುಕಿಕೊಳ್ಳಲು ಸಲಹೆ ಕೊಡುವ ಒಬ್ಬ ಮೇಡಂ ಇದ್ದರು. ಒಳ್ಳೆಯವರು. "ಅರ್ಜಿಯಲ್ಲಿ ಊರು ಅನ್ನುವ ಕಡೆ ಬೆಂಗಳೂರು ಅಂತ ಹಾಕು. ಎಲ್ಲರಿಗೂ ಗೊತ್ತಿರುವ ಹೆಸರು," ಅಂದರು. "ಬೆಂಗಳೂರಿನಲ್ಲಿ ನನಗೆ ಯಾರೂ ಗೊತ್ತಿಲ್ಲ," ಅಂದೆ. ತಾಳ್ಯ, ಚಿತ್ರದುರ್ಗ ಜಿಲ್ಲೆ ಅಂತಲೇ ಬರೆದೆ. ಆ ಮೇಲೆ ಸಂದರ್ಶನಕ್ಕೆ ಕೂತ ಕಡೆಯೆಲ್ಲ ತಾಳ್ಯ ಎಲ್ಲಿದೆ ಎಂದು ವಿವರಿಸುವುದರಲ್ಲೇ ಅರ್ಧ ಹೊತ್ತು ಹೋಗುತ್ತಿತ್ತು. ಹೋಗಲಿ.

ನಾನಿದ್ದ ಮನೆಯಲ್ಲಿ ಎದುರು ಕೋಣೆ ಮಾರ್ಲೂಸ್ ಎಂಬ ನರ್ಸ್‌ದು. ಒಂದು ಭಾನುವಾರ ಚಿತ್ರಾನ್ನ ಮಾಡಿ ಡಬ್ಬಿ ಹಿಡಿದು ಬಾಗಿಲು ತಟ್ಟಿದೆ. "ಈಗ ಬಂದರೆ ತೊಂದರೆಯಾ?" ಎಂದು ಕೇಳಿದೆ. ನಮ್ಮಲ್ಲಿ ಆ ಪ್ರಶ್ನೆ ಕೇಳುವುದೇ ಬರ್ರಿ, ಕುಂತ್ಕಳ್ರಿ ಅನ್ನಿಸಿಕೊಳ್ಳುವುದಕ್ಕೆ. ಅವಳು "ಹೌದು, ತೊಂದರೆ. ಗುರುವಾರ ಸಂಜೆ ಬಾ," ಎಂದು ನಗುತ್ತಲೇ ಬಾಗಿಲು ಹಾಕಿಕೊಂಡಳು. ಡಬ್ಬಿ ನನ್ನ ಕೈಯಲ್ಲೇ ಉಳಿಯಿತು. ಮೈಯೆಲ್ಲ ಉರಿಯಿತು. ಗುರುವಾರ ಹೋಗಬಾರದು ಅಂದುಕೊಂಡೂ ಹೋದೆ. ಅವಳು ಮೇಜು ಒರೆಸಿ, ಕಾಫಿ ಇಟ್ಟು, ಫೋನು ಇನ್ನೊಂದು ಕೋಣೆಯಲ್ಲಿ ಬಿಟ್ಟು ಬಂದು ಕೂತಿದ್ದಳು. ಅಷ್ಟು ಗಮನ ಕೊಟ್ಟು ನನ್ನ ಮಾತನ್ನು ನಮ್ಮ ಊರಿನಲ್ಲೂ ಯಾರೂ ಕೇಳಿದ್ದಿಲ್ಲ. ನಮ್ಮಲ್ಲಿ ಆಗದ ಕೆಲಸಕ್ಕೆ "ನೋಡಾಣ ಬಿಡ್ರಿ" ಎಂದು ಆರು ತಿಂಗಳು ಅಲೆದಾಡಿಸುತ್ತೇವಲ್ಲ, ಆ ಸಂಕಟ ಅಲ್ಲಿಲ್ಲ. ಇಲ್ಲ ಅಂದರೆ ಇಲ್ಲ, ಗುರುವಾರ ಅಂದರೆ ಗುರುವಾರ.

ಚೌಕಾಸಿಗೂ ಅಲ್ಲಿ ಒಂದು ಪಾಠವಿದೆ. ಇಬ್ಬಿಬ್ಬರ ಜೋಡಿ. ಒಬ್ಬರು ಹಳೆಯ ಯಂತ್ರ ಮಾರಬೇಕು, ಇನ್ನೊಬ್ಬರು ಕೊಳ್ಳಬೇಕು. ಮುಗಿದ ಮೇಲೆ ಎದ್ದು ನಿಂತು, ಎದುರಿನವರು ಎಲ್ಲಿಯವರೆಗೆ ಇಳಿದರು, ಯಾವ ಬೆಲೆಗೆ ಒಪ್ಪಿದರು ಎಂದು ಎಲ್ಲರ ಮುಂದೆ ಬಿಡಿಸಿ ಹೇಳಬೇಕು. ನನಗೆ ಜೋಡಿಯಾದವನು ಯಾನ್, ಹಸು ಸಾಕುವ ರೈತರ ಮನೆಯ ಹುಡುಗ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಉಳಿದ ಜೋಡಿಗಳು ಬಾಯಿ ಬಡಿದುಕೊಳ್ಳುತ್ತಿದ್ದರು. ನನಗೆ ಆ ಗದ್ದಲದಲ್ಲಿ ಬೇರೆ ದಾರಿಯೇ ಹೊಳೆಯಲಿಲ್ಲ. ಚೀಲದಿಂದ ಅಪ್ಪನ ಟವಲು ತೆಗೆದೆ, ಯಾನ್‌ನ ಕೈ ಹಿಡಿದೆ, ಮೇಲೆ ಹೊದಿಸಿದೆ.

ಅವನು ಕಿವಿಯವರೆಗೂ ಕೆಂಪಾದ. ಬಗ್ಗಿ ಮೆಲ್ಲಗೆ, "ನೋಡು, ನನಗೆ ಗೆಳತಿ ಇದ್ದಾಳೆ," ಅಂದ.

ನಗು ತಡೆದುಕೊಂಡು ವಿವರಿಸಿದೆ. ಬೇಗ ಕಲಿತ. ಎಲ್ಲರಿಗಿಂತ ಮೊದಲು ನಮ್ಮ ವ್ಯಾಪಾರ ಮುಗಿಯಿತು. ಮೇಷ್ಟ್ರು ಸಂತೋಷದಿಂದ "ಖಿರಿಯಾ, ಬೆಲೆ ಎಷ್ಟು?" ಅಂದರು.

"ಗಿರಿಜಾ. ಬೆಲೆ ಹೇಳುವುದಿಲ್ಲ."

"ಇದು ಪಾಠ. ನಿಜವಾದ ಯಂತ್ರವಲ್ಲ."

"ಕೈ ನಿಜವಾದದ್ದು, ಸರ್. ಟವಲಿನ ಕೆಳಗೆ ಆದದ್ದನ್ನು ನಮ್ಮಲ್ಲಿ ಹೇಳುವುದಿಲ್ಲ."

"ಹಾಗಾದರೆ ಅಂಕ ಕೊಡುವುದಿಲ್ಲ."

"ಬೇಡ."

ಯಾನ್ ಎದ್ದು ನಿಂತು ಅಚ್ಚುಕಟ್ಟಾಗಿ ಎಲ್ಲವನ್ನೂ ಹೇಳಿದ. ಅವನಿಗೆ ಪೂರ್ತಿ ಅಂಕ ಬಂತು, ನನಗೆ ಸೊನ್ನೆ. ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ ನಾಲ್ಕು ದಿನ ಮಾತು ಬಿಟ್ಟೆ. ಅವನಿಗೆ ನಾನು ಮಾತು ಬಿಟ್ಟಿದ್ದೇನೆ ಅನ್ನುವುದೂ ಗೊತ್ತಾಗಲಿಲ್ಲ. ಅಲ್ಲಿ ಸುಮ್ಮನಿದ್ದವರನ್ನು ಸುಮ್ಮನಿದ್ದಾರೆ ಅಂತಲೇ ತಿಳಿಯುತ್ತಾರೆ.

ಹೂವಿನ ಹರಾಜು

ಆಮ್‌ಸ್ಟರ್‌ಡ್ಯಾಮ್ ಹತ್ತಿರದ ಹೂವಿನ ಹರಾಜಿಗೆ ಕಾಲೇಜಿನಿಂದ ಕರೆದುಕೊಂಡು ಹೋದರು. ಹಿರಿಯೂರು ಕಡೆ ಸೇವಂತಿಗೆ, ಕನಕಾಂಬರದ ರಾಶಿ ನೋಡಿದವಳು ನಾನು, ಹೂವು ನೋಡಿ ಬೆರಗಾಗುವುದಿಲ್ಲ ಅಂತ ಬಿಗುಮಾನದಿಂದಲೇ ಹೋದೆ. ಹೂವಿಗೆ ಬೆರಗಾಗಲಿಲ್ಲ, ಗಡಿಯಾರಕ್ಕೆ ಆದೆ. ಗೋಡೆಯ ಮೇಲೆ ದೊಡ್ಡ ಗಡಿಯಾರದಂಥದೊಂದು ಇದೆ. ಬೆಳಕಿನ ಚುಕ್ಕಿ ಮೇಲಿನ ಬೆಲೆಯಿಂದ ಕೆಳಗೆ ಇಳಿಯುತ್ತ ಬರುತ್ತದೆ. ಯಾರು ಮೊದಲು ಗುಂಡಿ ಒತ್ತುತ್ತಾರೋ ಅವರಿಗೆ ಹೂವು. ಈಗ ಎಷ್ಟೋ ಜನ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಒತ್ತುತ್ತಾರಂತೆ. ಆದರೂ ಬೆಲೆ ಎಲ್ಲರಿಗೂ ಕಾಣುತ್ತದೆ: ಬೆಳೆದವನಿಗೆ, ಕೊಂಡವನಿಗೆ, ಮೇಲೆ ಅಟ್ಟದಲ್ಲಿ ನಿಂತ ನಮಗೂ.

ಮಾತು ಬಿಟ್ಟದ್ದು ಗೊತ್ತಿರದ ಯಾನ್ ಪಕ್ಕಕ್ಕೆ ಬಂದು ನಿಂತ. "ಒಂದು ಕೇಳಲಾ? ನಿಮ್ಮ ಟವಲಿನ ಕೆಳಗೆ ಕೊಳ್ಳುವವನ ಕೈ ಇರುತ್ತದೆ, ನಿಮ್ಮಪ್ಪನ ಕೈ ಇರುತ್ತದೆ. ಕುರಿ ಮಾರಲು ಬಂದವರ ಕೈ?"

"ಅವರ ಜೊತೆ ಬೇರೆ ಮಾತಾಡುತ್ತಾರೆ. ಅವರು ಒಪ್ಪಿದ ಬೆಲೆ ಅವರಿಗೆ ಸಿಗುತ್ತದೆ."

"ಕೊಂಡವನು ಎಷ್ಟು ಕೊಟ್ಟ ಅಂತ ಅವರಿಗೆ ಗೊತ್ತಾಗುತ್ತದಾ?"

"ನಮ್ಮಪ್ಪ ಮೋಸ ಮಾಡುವವನಲ್ಲ."

"ನಿಮ್ಮಪ್ಪನ ವಿಷಯ ಕೇಳಲಿಲ್ಲ. ಪಕ್ಕದಲ್ಲಿ ಕೂತ ಇನ್ನೊಬ್ಬ ದಲ್ಲಾಳಿ?"

ಬಾಯಿಗೆ ಬಂದ ಉತ್ತರವೆಲ್ಲ ಬೈಗುಳವೇ ಆಗಿತ್ತು. ಹೂವು ಬೇರೆ, ಕುರಿ ಬೇರೆ ಅಂತ ಏನೇನೋ ವಾದ ಹೂಡಿದೆ. ಆದರೆ ಕಣ್ಣ ಮುಂದೆ ಬಂದವಳು ಆದಿವಾಲ ಕಡೆಯ ಒಬ್ಬ ಹೆಂಗಸು. ನಾನು ಚಿಕ್ಕವಳಿದ್ದಾಗ ಹಿರಿಯೂರು ಸಂತೆಗೆ ಎರಡು ಮರಿ ಹೊಡೆದುಕೊಂಡು ಬಂದಿದ್ದಳು. ದಲ್ಲಾಳಿಗಳ ಟವಲು ಆಡುತ್ತಿದ್ದಷ್ಟು ಹೊತ್ತೂ ಹೊರಗೆ ನಿಂತು ಒಬ್ಬೊಬ್ಬರ ಮುಖ ನೋಡುತ್ತಿದ್ದಳು. "ಎಷ್ಟಕ್ಕೆ ಹೋದ್ವಣ್ಣಾ ಮರಿ?" ಅಂತ ಕೇಳಿದ್ದಳು. ಅವಳಿಗೆ ಬರಬೇಕಾದದ್ದು ಕೊಟ್ಟರು. ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಯಾನ್ ಮುಂದೆ ಇದನ್ನು ಒಪ್ಪಿಕೊಳ್ಳಲಿಲ್ಲ, ನಿಮ್ಮ ಮುಂದೆ ಒಪ್ಪುತ್ತೇನೆ: ಚುಚ್ಚಿತು.

ಗೌಡ

ಗಿಣ್ಣಿನಿಂದ, ಅಂದರೆ ಅವರ ಚೀಸ್‌ನಿಂದ, ಹೆಸರಾದ ಊರಿದು. ನಮ್ಮ ಗೌಡರಿಗೂ ಇದಕ್ಕೂ ಸಂಬಂಧವಿಲ್ಲ, ಅಲ್ಲಿಯವರ ಬಾಯಲ್ಲಿ ಇದೂ ಖೌಡಾ. "ನಮ್ಮಲ್ಲೂ ಕೈವ್ಯಾಪಾರ ಇತ್ತು, ಬಾ ತೋರಿಸುತ್ತೇನೆ," ಎಂದು ಯಾನ್ ಕರೆದುಕೊಂಡು ಹೋದ. ಬಂಡಿಗಾಲಿಯಷ್ಟು ಅಗಲದ ಹಳದಿ ಗಿಣ್ಣುಗಳನ್ನು ಚೌಕದಲ್ಲಿ ಸಾಲಾಗಿ ಜೋಡಿಸಿದ್ದರು. ಕೊಳ್ಳುವವನು, ಮಾರುವವನು ಎದುರುಬದುರು ನಿಂತು ಬೆಲೆ ಕೂಗುತ್ತ ಒಬ್ಬರ ಅಂಗೈಗೆ ಒಬ್ಬರು ಛಟೀರ್ ಛಟೀರ್ ಎಂದು ಹೊಡೆಯುತ್ತಾರೆ. ಒಪ್ಪಿಗೆಯಾದ ಏಟಿಗೆ ಕೈ ಹಾಗೇ ಹಿಡಿದುಕೊಳ್ಳುತ್ತಾರೆ. ಈಗ ಇದೆಲ್ಲ ಪ್ರವಾಸಿಗರಿಗೆ ತೋರಿಸುವ ಆಟ. ಮೊದಲು ದನದ ಸಂತೆಯಲ್ಲೂ ಹೀಗೇ ಇತ್ತಂತೆ.

ಬಿಳಿ ಕೋಟಿನ ಮುದುಕರೊಬ್ಬರು ನನ್ನನ್ನೂ ಎಳೆದುಕೊಂಡರು. ಎರಡೇಟಿಗೆ ಅಂಗೈ ಚುರುಗುಟ್ಟಿತು. ಮೂರನೆಯ ಏಟು ಬೀಳುವ ಮೊದಲು ಟವಲು ಹೊದಿಸಿಬಿಟ್ಟೆ. ಜನ ಹೋ ಎಂದರು. ಮುದುಕರು ಏನೋ ಹೇಳಿ ನಕ್ಕರು. ಯಾನ್ ಅನುವಾದಿಸಿದ: "ನಮ್ಮಲ್ಲಿ ಕೈ ಮುಚ್ಚಿಕೊಂಡರೆ ಕಳ್ಳ ಅಂತಾರೆ."

"ನಮ್ಮಲ್ಲಿ ಬೆಲೆ ಕೂಗಿದರೆ ಬಾಯಿಬಡುಕ ಅಂತಾರೆ, ಹೇಳು ಅವರಿಗೆ."

ಮುದುಕರಿಗೆ ಇದು ತುಂಬ ಹಿಡಿಸಿತು. ಒಂದು ದೊಡ್ಡ ತುಂಡು ಗಿಣ್ಣು ಕೊಯ್ದು ಕೊಟ್ಟರು. ಎಮ್ಮೆ ಕರು ಹಾಕಿದಾಗ ಅವ್ವ ಬೆಲ್ಲ ಏಲಕ್ಕಿ ಹಾಕಿ ಮಾಡುವ ಗಿಣ್ಣು ತಿಂದ ನಾಲಿಗೆಗೆ ಅದು ಉಪ್ಪು ಹಾಕಿದ ಸೋಪು. ಅವರ ಮುಖ ನೋಡಿಕೊಂಡು ಪೂರ್ತಿ ತಿಂದೆ.

ರಾಟರ್‌ಡ್ಯಾಮ್

ಕೊನೆಯ ತಿಂಗಳುಗಳಲ್ಲಿ ಹಣ್ಣು ಆಮದು ಮಾಡುವ ಒಂದು ಕಂಪನಿಯಲ್ಲಿ ತರಬೇತಿ. ನಾನು, ಪೋರ್ಚುಗಲ್‌ನ ರೂಯಿ, ಇಬ್ಬರೇ. ಇಬ್ಬರಲ್ಲಿ ಒಬ್ಬರನ್ನು ಖಾಯಂ ಮಾಡಿಕೊಳ್ಳುತ್ತೇವೆ, ಅವರು ಭಾರತದಿಂದ ಹಣ್ಣು ಖರೀದಿಸುವ ಕೆಲಸ ನೋಡಿಕೊಳ್ಳಬೇಕು ಎಂದು ಮೊದಲ ದಿನವೇ ಹೇಳಿದ್ದರು. ಆ ಕುರ್ಚಿ ನನಗೆ ಬೇಕಿತ್ತು. ಚಿಕ್ಕಪ್ಪನ ಬಾಯಿ ಮುಚ್ಚಿಸುವುದಕ್ಕೂ ಬೇಕಿತ್ತು, ಅದಕ್ಕಿಂತ ಹೆಚ್ಚಾಗಿ ನನಗೇ ಬೇಕಿತ್ತು. ಸಂತೆಯಲ್ಲಿ ದೂರ ಕೂತು ನೋಡಿದವಳಿಗೆ ವ್ಯಾಪಾರದ ನಡುಮಧ್ಯೆ ಕೂರುವ ಆಸೆ ಎಷ್ಟಿರುತ್ತದೆ ಅನ್ನುವುದನ್ನು ಹೇಳಿ ಮುಗಿಸಲಾರೆ.

ತಣ್ಣನೆಯ ಗೋದಾಮಿನಲ್ಲಿ ಒಂದು ದಿನ ದಾಳಿಂಬೆ ಪೆಟ್ಟಿಗೆಯ ಮೇಲೆ ಹಿರಿಯೂರು ಎಂಬ ಹೆಸರು ಕಂಡೆ. ಪೆಟ್ಟಿಗೆಯನ್ನು ಸವರಿದೆ. ರೂಯಿ ಹುಚ್ಚಿಯನ್ನು ನೋಡುವ ಹಾಗೆ ನೋಡಿದ.

ಆ ಹಣ್ಣು ಕಳಿಸುವವರು ಇಬ್ಬರು. ಒಬ್ಬರು ಹಿರಿಯೂರಿನವರು, ಬಸಣ್ಣ. ಇನ್ನೊಬ್ಬರು ಹೊಸದುರ್ಗದವರು. ಕಂಪನಿ ಪರವಾಗಿ ಇಬ್ಬರ ಜೊತೆಗೂ ಮಾತಾಡುವುದು ನನ್ನ ಕೆಲಸ. ಬಸಣ್ಣ ಫೋನಿನಲ್ಲಿ ಕನ್ನಡ ಕೇಳಿದ್ದೇ ಕರಗಿಹೋದರು.

"ಏನವ್ವ ತಂಗಿ, ತಾಳ್ಯದೋಳಾ ನೀನು? ಹಂಗಾದ್ರೆ ಸುತ್ತುಬಳಸು ಬ್ಯಾಡ, ಕೊನೇ ಬೆಲೆ ಹೇಳ್ಬಿಡ್ತೀನಿ. ಇದ್ರ ಕೆಳಗೆ ಹೋದ್ರೆ ತೋಟದೋರಿಗೆ ನಾನು ಮಕ ತೋರ್ಸಾಕಾಗಲ್ಲ. ನಿಮ್ಮ ಸಾಹೇಬ್ರಿಗೆ ಹೇಳು. ಬ್ಯಾರೆ ಯಾರ್ಗೂ ಹೇಳ್ಬ್ಯಾಡ ಮತ್ತೆ."

"ಇಲ್ಲಣ್ಣ. ಹೇಳಲ್ಲ," ಅಂದೆ.

ಸಾಹೇಬರ ಹೆಸರು ಮಾರ್ಟಿನ್. ಸಮಾಧಾನದ ಮನುಷ್ಯ. ಬೆಲೆ ತಿಳಿಸಿದೆ. "ಒಳ್ಳೆಯದು. ಈಗ ಹೊಸದುರ್ಗದವರಿಗೆ ಫೋನ್ ಮಾಡಿ ಬಸಣ್ಣನ ಹೆಸರು, ಅವನ ಬೆಲೆ ಎರಡೂ ಹೇಳು. ಅವರು ಇಳಿಸುತ್ತಾರೆ. ಅದನ್ನು ತೋರಿಸಿ ಬಸಣ್ಣನನ್ನು ಇಳಿಸೋಣ," ಅಂದರು.

"ಬೆಲೆ ಎಲ್ಲರಿಗೂ ತೆರೆದಿಡೋಣ ಅಂತೀರಾ?"

"ಹಾಗೇ ಅಂದುಕೋ."

"ಸರಿ. ಹಾಗಾದರೆ ಇದೇ ಹಣ್ಣನ್ನು ಅಂಗಡಿಗಳಿಗೆ ನೀವು ಎಷ್ಟಕ್ಕೆ ಮಾರುತ್ತೀರಿ ಅನ್ನುವುದನ್ನೂ ಅವರಿಬ್ಬರಿಗೂ ಹೇಳುತ್ತೇನೆ."

ಮಾರ್ಟಿನ್ ನಕ್ಕರು. "ಅದು ನಮ್ಮ ಒಳಗಿನ ವಿಷಯ."

ಆಗ ನನಗೆ ಒಂದು ವರ್ಷದ ಓದೆಲ್ಲ ಒಟ್ಟಿಗೇ ಅರ್ಥವಾಯಿತು. ಗಡಿಯಾರ ಒಪ್ಪುತ್ತೇನೆ. ಯಾನ್ ಚುಚ್ಚಿದ್ದು ಸರಿಯಾಗಿಯೇ ಚುಚ್ಚಿದ್ದ. ಟವಲೂ ಒಪ್ಪುತ್ತೇನೆ, ಅಲ್ಲಿ ಕೊಟ್ಟ ಮಾತಿಗೆ ಬೆಲೆ ಇದೆ. ಬೆಳೆದವರಿಗೆ ಗಡಿಯಾರ, ತಮಗೆ ಟವಲು ಅನ್ನುವವರನ್ನು ಮಾತ್ರ ಒಪ್ಪುವುದಿಲ್ಲ. ಊರಿನಲ್ಲಿ ಇದ್ದಿದ್ದರೆ "ನೋಡೋಣ ಸರ್" ಎಂದು ಹೊರಗೆ ಬಂದು, ಫೋನು ಸಿಗಲಿಲ್ಲ ಎಂದು ನಾಟಕ ಆಡಿ, ಹೇಗೋ ದಿನ ತಳ್ಳುತ್ತಿದ್ದೆ. ಆದರೆ ನಾನು ಮಾರ್ಲೂಸ್‌ಳ ಬಾಗಿಲಿನಲ್ಲಿ ಡಬ್ಬಿ ಹಿಡಿದು ನಿಂತು ಕಲಿತವಳು.

"ಇಲ್ಲ," ಅಂದೆ. "ಹೇಳುವುದಿಲ್ಲ."

"ನೀನು ಯಾರ ಪರ ಕೆಲಸ ಮಾಡುತ್ತಿದ್ದೀಯ?"

"ನಿಮ್ಮ ಪರ. ನಿಮ್ಮ ಬೆಲೆಯನ್ನೂ ನಾನು ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ."

ಅವರು ಕೂಗಾಡಲಿಲ್ಲ. ಸ್ಪಷ್ಟವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಅಂದರು. ಆ ವಾರದ ಕೊನೆಗೆ ಅಷ್ಟೇ ಸ್ಪಷ್ಟವಾಗಿ ಕರೆದು ಹೇಳಿದರು: ಕೆಲಸ ರೂಯಿಗೆ, ಕಾರಣ ನಿನಗೆ ಗೊತ್ತು. ಗೊತ್ತು ಅಂದೆ. ಕೈ ಕುಲುಕಿದರು. ನೆಟ್ಟಗೆ ನಡೆದು ಹೊರಗೆ ಬಂದು, ಟ್ರಾಮ್ ನಿಲ್ದಾಣದಲ್ಲಿ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಮಾಡಿದ್ದಕ್ಕೆ ಅಳಲಿಲ್ಲ, ಹೋದದ್ದಕ್ಕೆ ಅತ್ತೆ. ಆ ಕುರ್ಚಿ ನನಗೆ ನಿಜವಾಗಿ ಬೇಕಿತ್ತು.

ಇನ್ನೂ ಸ್ವಲ್ಪ ಕಾಲ ಅಲ್ಲೇ ಇದ್ದು ಬೇರೆ ಕೆಲಸ ಹುಡುಕಬಹುದಿತ್ತು. ಹುಡುಕಲಿಲ್ಲ. ಮೇಜಿನ ಆ ಬದಿಯ ಕುರ್ಚಿ ಕೊಡದಿದ್ದರೆ ಈ ಬದಿಗೆ ಬಂದು ಕೂರುತ್ತೇನೆ ಅನ್ನಿಸಿತು. ಈಗ ಕೂತಿದ್ದೇನೆ, ಹಿರಿಯೂರಿನಲ್ಲಿ, ದಾಳಿಂಬೆ ಬೆಳೆಗಾರರೇ ಸೇರಿ ಮಾಡಿಕೊಂಡ ಸಣ್ಣ ರಫ್ತು ಕಂಪನಿಯಲ್ಲಿ. ಹೊರದೇಶದವರ ಜೊತೆ ಮಾತಾಡುವವಳು ನಾನು. ಒಬ್ಬ ಖರೀದಿದಾರ ಹೇಳಿದ ಬೆಲೆ ಇನ್ನೊಬ್ಬನಿಗೆ ನನ್ನ ಬಾಯಿಂದ ಹೋಗುವುದಿಲ್ಲ. ಹಣ್ಣು ಕೊನೆಗೆ ಎಷ್ಟಕ್ಕೆ ಹೋಯಿತು ಅನ್ನುವುದು ಮಾತ್ರ ಆಫೀಸಿನ ಗೋಡೆಯ ಮೇಲಿನ ಕಪ್ಪುಹಲಗೆಯಲ್ಲಿ ಇರುತ್ತದೆ. ಬೆಳೆದವರು ಯಾರು ಬೇಕಾದರೂ ಬಂದು ನೋಡಬಹುದು. ಇದನ್ನು ಕೇಳಿ ಅಪ್ಪ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದ. ಇರಲಿ. ಅಲ್ಲಿ ಹೋಗಿ ಓದಿ ಏನು ಬಂತು ಎಂದು ಈಗಲೂ ಕೇಳುವವರಿದ್ದಾರೆ. ಎದುರಿಗೆ ಕೂತು ಇಲ್ಲ ಅನ್ನುವುದು ಬಂತು. ದೇಶ ದೇಶದವರ ಜೊತೆ ವ್ಯಾಪಾರ ಮಾಡಲು ಅದಕ್ಕಿಂತ ದೊಡ್ಡ ತಯಾರಿ ನನಗೆ ಗೊತ್ತಿಲ್ಲ.

ತಾಳ್ಯ

ಆದರೆ ಹಿಂತಿರುಗಿದ ದಿನ ನನ್ನ ಹತ್ತಿರ ಈ ಯಾವುದೂ ಇರಲಿಲ್ಲ. ಪಡಸಾಲೆ ತುಂಬ ಜನ. ಬಾಗಿಲಿಗೆ ಎದುರಾಗಿ ಚಿಕ್ಕಪ್ಪ. ಅವ್ವ ನೀರು ತಂದುಕೊಡುವ ಮೊದಲೇ ಶುರು ಮಾಡಿದ.

"ಏನವ್ವ, ಕೆಲ್ಸ ಆತಾ? ಸಂಬ್ಳ ಎಷ್ಟು ಕೊಡ್ತಾರಂತೆ? ಎಲ್ರಿಗೂ ಕೇಳಂಗೆ ಹೇಳು."

ಫೋನಿನಲ್ಲಿ ಮನೆಗೆ ನಾನು ಏನೂ ಹೇಳಿರಲಿಲ್ಲ. ಎದುರಿಗೇ ಹೇಳಬೇಕೆಂದಿದ್ದೆ. ಕೆಲಸ ಸಿಗಲಿಲ್ಲ, ಬರಿಗೈಲಿ ಬಂದಿದ್ದೇನೆ, ಏನೀಗ ಅನ್ನಬೇಕೆಂದು ಬಾಯಿ ತೆರೆದೆ. ಅಪ್ಪ ನನ್ನ ಮುಖ ನೋಡುತ್ತಿದ್ದ. ಸಂತೆಯಲ್ಲಿ ಕುರಿಯ ಹಲ್ಲು ನೋಡುವ ಮೊದಲೇ ವಯಸ್ಸು ತಿಳಿಯುವವನು.

"ತಡಿಯಲೇ ರುದ್ರ," ಅಂದ. "ದಲ್ಲಾಳಿ ನಾನಿದೀನಿ. ನಾನ್ ಕೇಳ್ತೀನಿ. ಎಲ್ಲೈತವ್ವ ನನ್ ಟವಲು?"

ಚೀಲದಿಂದ ತೆಗೆದುಕೊಟ್ಟೆ. ಪಕ್ಕಕ್ಕೆ ಕೂರಿಸಿಕೊಂಡ. ಅಷ್ಟು ಗಂಡಸರ ನಡುವೆ, ಅವನ ಮಗ್ಗುಲಿಗೆ. ನನ್ನ ಕೈ ಹಿಡಿದು ಟವಲು ಹೊದಿಸಿದ. ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಕೇಳಿದ.

ನಾನು ಯಾವ ಬೆರಳನ್ನೂ ಹಿಡಿಯಲಿಲ್ಲ. ಮುಷ್ಟಿ ಕಟ್ಟಿಕೊಂಡೆ. ಏನೂ ಇಲ್ಲ ಅನ್ನುವುದಕ್ಕೆ ಟವಲಿನ ಕೆಳಗೆ ಬೇರೆ ಗುರುತಿಲ್ಲ.

ಅಪ್ಪನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕೈಯನ್ನೂ ಬಿಡಲಿಲ್ಲ. ವ್ಯಾಪಾರ ಮುರಿದರೆ ದಲ್ಲಾಳಿ ಕೈ ಬಿಟ್ಟು ಎದ್ದು ಹೋಗುತ್ತಾನೆ, ಅಪ್ಪ ಏಳಲಿಲ್ಲ. ನನ್ನ ಮುಷ್ಟಿಯನ್ನು ನಿಧಾನವಾಗಿ ಬಿಡಿಸಿದ. ನನ್ನ ಬೆರಳುಗಳನ್ನು ಹಿಡಿದು ತಾನೇ ನನಗೊಂದು ಬೆಲೆ ಕಟ್ಟಿದ. ನನಗೆ ತಿಳಿಯಲಿಲ್ಲವೇನೋ ಎಂದು ಇನ್ನೊಮ್ಮೆ ಒತ್ತಿದ. ತಿಳಿದಿತ್ತು. ತಲೆ ಎತ್ತಲಾರದೆ ಕೂತಿದ್ದೆ.

"ಎಷ್ಟಂತಣ್ಣಾ?" ಚಿಕ್ಕಪ್ಪ ಕುತ್ತಿಗೆ ಚಾಚಿದ.

ಅಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಯಾಪಾರ ಕುದುರ್ತು. ಏಳ್ರಿ, ಊಟ ಮಾಡಾಣ."

ಆ ದಿನ ಅಪ್ಪ ಎಷ್ಟು ಬೆಲೆ ಕಟ್ಟಿದ ಎಂದು ಅವ್ವ ಕೇಳಿದಳು. ಚಿಕ್ಕಪ್ಪ ಇವತ್ತಿಗೂ ಕೇಳುತ್ತಾನೆ. ನಾನು ಯಾರಿಗೂ ಹೇಳಿಲ್ಲ. ನಿಮಗೂ ಹೇಳುವುದಿಲ್ಲ.